ಒಂದು ಹಗಲಿನ ಬೆಟ್ಟದಾರಿ

ಬೆಟ್ಟ ಹತ್ತುವ ಹವ್ಯಾಸವು ಈಚಿನ ವರುಷಗಳಲ್ಲಿ ನಮ್ಮ ನೇಸರಗಿಯ ಸುತ್ತಣ ತರುಣರಲ್ಲಿ ಬಲವಾಗಿ ಹಬ್ಬಿರುತ್ತದೆ. ಶನಿವಾರ ಸಂಜೆ ಬಸ್ಸು ಹಿಡಿದು ಮಲೆನಾಡಿನ ಕಡೆಗೆ ಹೊರಡುವುದು, ರವಿವಾರ ಹಗಲೆಲ್ಲ ಕುದುರೆಮುಖದ ಯಾವುದೋ ಒಂದು ಶಿಖರವನ್ನು ಏರಿ ಇಳಿಯುವುದು, ಸೋಮವಾರ ನಸುಕಿನಲ್ಲಿ ಮರಳಿ ಬಂದು ನಿದ್ದೆಗೆಟ್ಟ ಕಣ್ಣಿನಿಂದಲೇ ಕೆಲಸಕ್ಕೆ ಹೋಗುವುದು. ಹೀಗಿರುತ್ತದೆ ಅವರ ಕ್ರಮ. ಈ ಉತ್ಸಾಹವು ಸ್ತುತ್ಯವೇ ಸರಿ. ಕೂತಲ್ಲಿಯೇ ಕಾಲ ಕಳೆಯುವುದಕ್ಕಿಂತ ಕಾಲಿಗೆ ಕೆಲಸ ಕೊಡುವುದು ಎಂದಿಗೂ ಲೇಸು. ಆದರೆ ಅವರೊಡನೆ ಮಾತನಾಡುವಾಗ ಒಂದು ವಿಷಯವು ನನ್ನ ಮನಸ್ಸಿಗೆ ಬಂದಿತು. ಅದಾವುದೆಂದರೆ, ಒಂದೇ ಹಗಲು ಕೈಯಲ್ಲಿರುವಾಗ ಯಾವ ಬೆಟ್ಟವನ್ನು ಆರಿಸಬೇಕೆಂಬ ಪ್ರಶ್ನೆಗೆ ಅವರೆಲ್ಲರೂ ಎತ್ತರವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುತ್ತಾರೆ. ಎತ್ತರವಾದುದು ಒಳ್ಳೆಯದು, ದೂರವಾದುದು ಇನ್ನೂ ಒಳ್ಳೆಯದು ಎಂಬುದು ಅವರ ಲೆಕ್ಕ.

ಈ ಪ್ರಶ್ನೆಯು ಹೊಸ ಕಾಲದ್ದೆಂದು ತೋರಬಹುದು, ಹಾಗಲ್ಲ. ಬೆಳಗಿಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕಾದ ಮನುಷ್ಯನು ಈ ನಾಡಿನಲ್ಲಿ ಸಾವಿರಾರು ವರುಷಗಳಿಂದ ಗುಡ್ಡದ ದಾರಿಗಳನ್ನು ಆರಿಸುತ್ತಲೇ ಬಂದಿರುತ್ತಾನೆ. ಕುರಿ ಕಾಯುವವನು ಆರಿಸಿದನು, ಕೋಟೆ ಕಟ್ಟುವವನು ಆರಿಸಿದನು, ದೇವಿಗೆ ಹರಕೆ ಹೊತ್ತವನು ಆರಿಸಿದನು, ಬೆನ್ನಟ್ಟಿ ಬರುವ ದಂಡಿನಿಂದ ತಪ್ಪಿಸಿಕೊಳ್ಳುವವನೂ ಆರಿಸಿದನು. ಅವರಾರೂ ಎತ್ತರವನ್ನು ನೋಡಿ ಆರಿಸಲಿಲ್ಲ. ಅವರು ಏನನ್ನು ನೋಡಿದರೆಂಬುದನ್ನು ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಗುಡ್ಡಗಳ ಮೂಲಕ ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಕುದುರೆಮುಖದ ಮಾತನ್ನೇ ಮೊದಲು ಹೇಳಿ ಮುಗಿಸುವೆನು. ಅದನ್ನು ಅಲ್ಲಗಳೆಯುವ ಇಚ್ಛೆ ನನಗಿಲ್ಲ. ಒಂದು ಪ್ರದೇಶದ ಕಾಡುಮೇಡುಗಳನ್ನು ಪ್ರಜೆಗಳೆಲ್ಲರ ಸೊತ್ತೆಂದು ಕಾಯ್ದಿರಿಸುವ ಕಲ್ಪನೆಯು ೧೮೭೨ರಲ್ಲಿ ಅಮೇರಿಕೆಯ ಯೆಲ್ಲೋಸ್ಟೋನಿನಲ್ಲಿ ಮೊದಲು ರೂಪುಗೊಂಡಿತು. ಭರತಖಂಡದ ಮೊದಲಿನ ರಾಷ್ಟ್ರೀಯ ಉದ್ಯಾನವು ೧೯೩೬ರಲ್ಲಿ ಹಿಮಾಲಯದ ಅಡಿಯಲ್ಲಿ ಹೇಲಿ ಎಂಬ ಅಧಿಕಾರಿಯ ಹೆಸರಿನಿಂದ ಆಯಿತು. ಈಗ ಅದು ಕಾರ್ಬೆಟ್ಟರ ಹೆಸರನ್ನು ಹೊತ್ತಿದೆ. ನಮ್ಮ ಕುದುರೆಮುಖವು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು ೬೦೦ ಚದರ ಕಿಲೋಮೀಟರುಗಳ ಈ ಸೀಮೆಯಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳೆಂಬ ಮೂರು ನದಿಗಳ ಉಗಮವಿರುತ್ತದೆ. ಇದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ತೆಗೆಯುವ ಸರಕಾರಿ ಕಂಪನಿಯು ೧೯೭೬ರಲ್ಲಿ ಸ್ಥಾಪಿತವಾಗಿತ್ತು. ಕಾಡನ್ನು ಉಳಿಸಬೇಕೆಂಬುವರ ದೀರ್ಘ ಹೋರಾಟದ ತರುವಾಯ, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಗೆ ಗಣಿಯು ನಿಂತಿತು. ೨೦೧೨ರಲ್ಲಿ ಪಶ್ಚಿಮ ಘಟ್ಟಗಳು ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದಾಗ ಕುದುರೆಮುಖವೂ ಅದರಲ್ಲಿ ಸೇರಿತು. ಸುಮಾರು ೧೮೯೦ ಮೀಟರು ಎತ್ತರದ ಮುಖ್ಯ ಶಿಖರಕ್ಕೆ ಕಳಸದ ಬದಿಯ ಮುಳ್ಳೋಡಿಯಿಂದ ಹೋಗಿ ಬರಲು ೨೦ ಕಿಲೋಮೀಟರುಗಳಷ್ಟು ನಡೆಯಬೇಕು; ಕುರಿಂಜಾಲು, ಗಂಗಡಿಕಲ್ಲುಗಳ ದಾರಿ ಅದಕ್ಕಿಂತ ಕಡಿಮೆ. ಆದರೆ ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆ ಬೇಕು, ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿದೆ, ಸಂಜೆಯೊಳಗಾಗಿ ಇಳಿಯಲೇಬೇಕು. ಇದೆಲ್ಲ ಯುಕ್ತವೇ. ಹುಲ್ಲುಗಾವಲು ಮತ್ತು ಶೋಲೆಯ ಕಾಡು ಒಮ್ಮೆ ತುಳಿತಕ್ಕೆ ಸಿಕ್ಕಿ ಹಾಳಾದರೆ ಮತ್ತೆ ಕೂಡಿಕೊಳ್ಳುವುದು ಕಷ್ಟ. ನಮ್ಮ ಜಿಲ್ಲೆಯಲ್ಲಿಯೇ ಖಾನಾಪುರ ಸೀಮೆಯ ಭೀಮಗಡದ ಕಾಡು ೨೦೧೧ರಲ್ಲಿ ವನ್ಯಜೀವಿಧಾಮವಾಗಿ, ಅಲ್ಲಿಯೂ ಇಂಥದೇ ಕಟ್ಟಳೆಗಳು ಬಂದಿವೆ. ಬಾರಪೇಡೆಯ ಗವಿಗಳಲ್ಲಿ ವಾಸಿಸುವ ಅಪರೂಪದ ಬಾವಲಿಗಳ ಹಿತಕ್ಕಾಗಿ ಅವು ಇನ್ನೂ ಬಿಗಿಯಾಗಿದ್ದರೂ ನನ್ನ ಆಕ್ಷೇಪವಿಲ್ಲ. ಹೇಳಬೇಕಾದುದಿಷ್ಟೇ: ಇಂಥ ಉದ್ಯಾನಗಳಲ್ಲಿ ನಡೆಯುವವನ ಪರವಾಗಿ ಆಯ್ಕೆಯನ್ನು ಇಲಾಖೆಯೇ ಅರ್ಧ ಮಾಡಿಟ್ಟಿರುತ್ತದೆ. ನಮ್ಮ ಮನೆಯ ಬದಿಯ ಗುಡ್ಡಗಳಲ್ಲಿ ಹಾಗಿಲ್ಲ. ಇಲ್ಲಿ ನಾವೇ ಆರಿಸಬೇಕು. ಆದ್ದರಿಂದ ಇಲ್ಲಿಯೇ ತಿಳಿವಳಿಕೆಯ ಅವಶ್ಯಕತೆ ಹೆಚ್ಚು.

ಈ ಗುಡ್ಡಗಳ ರಚನೆಯನ್ನು ಸ್ವಲ್ಪ ತಿಳಿಯದೆ ಮುಂದಿನ ಇತಿಹಾಸವು ತಿಳಿಯಲಾರದು. ಬೆಳಗಾವಿ ಜಿಲ್ಲೆಯ ಉತ್ತರ ಭಾಗವೆಲ್ಲ ಜ್ವಾಲಾಮುಖಿಯ ಕರಿಗಲ್ಲಿನದು. ಆ ಕಲ್ಲು ಸವೆದೇ ನಮ್ಮ ಎರೆಮಣ್ಣು ಆಗಿರುತ್ತದೆ. ಆದರೆ ಗೋಕಾವಿ, ಸವದತ್ತಿ, ರಾಮದುರ್ಗಗಳ ಗುಡ್ಡಗಳು ಅದಕ್ಕಿಂತ ಎಷ್ಟೋ ಪುರಾತನವಾದ ಮರಳುಗಲ್ಲಿನವು. ಭೂಗರ್ಭಶಾಸ್ತ್ರಜ್ಞರು ಇದನ್ನು ಕಲಾದಗಿ ಶ್ರೇಣಿಯೆಂದು ಕರೆಯುತ್ತಾರೆ. ಬದಾಮಿಯ ಗವಿಗಳೂ ಪಟ್ಟದಕಲ್ಲಿನ ಗುಡಿಗಳೂ ಇಂಥ ಕಲ್ಲಿನಲ್ಲಿಯೇ ಆದವು. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಿಸಿಕೊಳ್ಳುತ್ತಿದ್ದ ಈ ನಾಡನ್ನೆಲ್ಲ ತಿರುಗಿ, ೧೮೭೬ರಲ್ಲಿ ತನ್ನ ಭೂಗರ್ಭ ವರದಿಯನ್ನು ಪ್ರಕಟಿಸಿದನು. ಮಲಪ್ರಭಾ ಘಟಪ್ರಭೆಗಳ ದಂಡೆಗಳಲ್ಲಿ ಹಳೆಯ ಶಿಲಾಯುಗದ ಕೈಕೊಡಲಿಗಳನ್ನು ಗುರುತಿಸಿದವನೂ ಇವನೇ. ತರುವಾಯ ಆರ್. ವಿ. ಜೋಶಿಯವರು ಮಲಪ್ರಭೆಯ ಕಣಿವೆಯನ್ನು ಕುರಿತು ೧೯೫೫ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅಂದರೆ ಹೊಳೆಯಿಂದ ಗುಡ್ಡಕ್ಕೆ, ಗುಡ್ಡದಿಂದ ಹೊಳೆಗೆ ಒಂದು ಹಗಲಿನಲ್ಲಿ ಹೋಗಿ ಬರುವ ಮನುಷ್ಯನು ಇಲ್ಲಿ ಲಿಪಿಯಿಲ್ಲದ ಕಾಲದಿಂದಲೂ ಇದ್ದಾನೆ.

ಈ ಮರಳುಗಲ್ಲಿನ ಗುಣವೇನೆಂದರೆ, ಅದು ಮೇಲೆ ಮೇಜಿನಂತೆ ಸಪಾಟಾಗಿಯೂ ಅಂಚಿನಲ್ಲಿ ಗೋಡೆಯಂತೆ ಕಡಿದಾಗಿಯೂ ನಿಲ್ಲುವುದು. ಆದ್ದರಿಂದ ಕೋಟೆ ಕಟ್ಟುವವನಿಗೆ ಅರ್ಧ ಗೋಡೆಯನ್ನು ನಿಸರ್ಗವೇ ಕಟ್ಟಿ ಕೊಟ್ಟಂತಾಯಿತು. ಇನ್ನೊಂದು ಗುಣ: ಈ ಕಲ್ಲಿನ ಸೀಳುಗಳಲ್ಲಿ ಮಳೆಯ ನೀರು ಇಂಗಿ, ಕೆಳಗಿನ ಪದರಕ್ಕೆ ತಾಗಿ, ಗುಡ್ಡದ ಬುಡದ ಕೊಳ್ಳಗಳಲ್ಲಿ ಬುಗ್ಗೆಯಾಗಿ ಒಸರುತ್ತದೆ. ಬೇರೆ ನಾಡಿನವರು ದೇವರನ್ನು ಶಿಖರದ ಮೇಲೆ ಕೂಡಿಸಿದರೆ, ನಮ್ಮವರು ಅನೇಕ ಸಲ ಕೊಳ್ಳದಲ್ಲಿ ಕೂಡಿಸಿದರು. ಸೊಗಲದ ಸೋಮೇಶ್ವರ, ಸುರೇಬಾನದ ಬದಿಯ ಶಬರಿಕೊಳ್ಳ, ಬದಾಮಿಯ ಹತ್ತಿರದ ಮಹಾಕೂಟ, ಇವೆಲ್ಲ ನೀರಿನ ಗುಡಿಗಳು. ನನ್ನ ಅಭಿಪ್ರಾಯದಲ್ಲಿ ನಮ್ಮ ಹಿರಿಯರ ಆಯ್ಕೆಯ ಸೂತ್ರವು ಇಲ್ಲಿಯೇ ದೊರೆಯುತ್ತದೆ. ಅವರು ಮೊದಲು ನೀರನ್ನು ನೋಡಿದರು, ತರುವಾಯ ಹಾದಿಯನ್ನು ನೋಡಿದರು. ಎತ್ತರವು ತಾನಾಗಿ ದೊರೆತರೆ ದೊರೆಯಲಿ ಎಂದು ಬಿಟ್ಟರು.

ನೇಸರಗಿಯಿಂದ ಹೊರಡುವವನಿಗೆ ಮೊದಲು ಹೇಳಬೇಕಾದ ಸ್ಥಳವು ಸೊಗಲ. ಬೈಲಹೊಂಗಲದಿಂದ ಮುನವಳ್ಳಿಯ ಕಡೆಗೆ ಹೋಗುವಾಗ ಗುಡ್ಡದ ಮಡಿಲಲ್ಲಿ ಈ ಕ್ಷೇತ್ರವಿರುತ್ತದೆ. ಮಳೆಗಾಲದಲ್ಲಿ ಬಂಡೆಯ ಅಂಚಿನಿಂದ ಧುಮುಕುವ ನೀರನ್ನು ನೋಡಲು ಬರುವವರು ಬಹಳ. ಆದರೆ ಬಂದವರಲ್ಲಿ ನೂರಕ್ಕೆ ತೊಂಬತ್ತು ಜನರು ಈ ಕೊಳ್ಳದ ಹೆಸರಿನಲ್ಲಿ ಕರ್ಣಾಟಕದ ಇತಿಹಾಸದ ಒಂದು ಬಿಡಿಸಲಾರದ ಗಂಟು ಕಟ್ಟಿಕೊಂಡಿದೆ ಎಂಬುದನ್ನು ಅರಿಯದೆಯೇ ಹೋಗುತ್ತಾರೆ.

ಆ ಗಂಟು ಯಾವುದೆಂದರೆ: ರಾಷ್ಟ್ರಕೂಟರ ಪ್ರಭುತ್ವವು ೯೭೩ರಲ್ಲಿ ಮುರಿದುಬಿದ್ದು, ಚಾಲುಕ್ಯ ತೈಲಪನು ಮೇಲೆದ್ದನಷ್ಟೆ. ದೊಡ್ಡ ಮರವು ಬೀಳುವಾಗ ಅದರ ಆಸರೆಯ ಬಳ್ಳಿಗಳೆಲ್ಲ ಹೊಸ ಮರವನ್ನು ಹುಡುಕಬೇಕಾಗುತ್ತದೆ. ಕುಂಡಿ ಮೂರು ಸಾವಿರವೆಂದು ಆಗ ಹೆಸರಾಗಿದ್ದ ಈ ನಾಡನ್ನು ರಟ್ಟರೆಂಬ ಸಾಮಂತರು ಆಳುತ್ತಿದ್ದರು. ಸವದತ್ತಿಯ ಒಂದು ಶಾಸನವು ೯೮೦ರದು. ಅದರಲ್ಲಿ ಪೃಥ್ವೀರಾಮನ ಮೊಮ್ಮಗನಾದ ಶಾಂತಿವರ್ಮನು ತೈಲಪನ ಸಾಮಂತನಾಗಿ ಕಾಣಿಸಿಕೊಂಡು, ಸುಗಂಧವರ್ತಿಯ ಬಸದಿಗೆ ದಾನ ಕೊಡುತ್ತಾನೆ. ಸೊಗಲದ ಶಾಸನವೂ ಅದೇ ೯೮೦ರದೇ. ಆದರೆ ಅದರಲ್ಲಿ ತೈಲಪನ ಸಾಮಂತನಾಗಿ ನನ್ನನ ಮಗನಾದ ಕಾರ್ತವೀರ್ಯನು ನಿಲ್ಲುತ್ತಾನೆ! ಒಂದೇ ವರುಷ, ಒಬ್ಬನೇ ಚಕ್ರವರ್ತಿ, ಒಂದೇ ರಟ್ಟರ ಹೆಸರು. ಆದರೆ ಒಡೆಯರು ಇಬ್ಬರು, ವಂಶಾವಳಿಗಳೂ ಬೇರೆ ಬೇರೆ. ಮುಂದಿನ ರಟ್ಟರೆಲ್ಲ ಕಾರ್ತವೀರ್ಯನ ಪೀಳಿಗೆಯವರು. ಶಾಂತಿವರ್ಮನ ಮನೆತನದ ಮಾತು ತರುವಾಯ ಕೇಳಬರುವುದಿಲ್ಲ. ಕುಂಡಿ ನಾಡಿನ ಮೇರೆಗಳನ್ನು ಕಾರ್ತವೀರ್ಯನು ಗೊತ್ತುಪಡಿಸಿದನೆಂದು ಹಿಂದಿನ ಸಂಗತಿಯನ್ನು ನೆನೆಯುವ ಮುಂದಿನ ಶಾಸನವು ಹೇಳುತ್ತದೆ. ಮೇರೆಯನ್ನು ಹೊಸದಾಗಿ ಗೊತ್ತುಪಡಿಸುವ ಪ್ರಸಂಗವು ಸುಮ್ಮನೆ ಬರುವುದುಂಟೇ?

ರಟ್ಟರ ಶಾಸನಗಳನ್ನು ಮೊದಲು ಸಂಗ್ರಹಿಸಿ ಓದಿ ಮುಂಬಯಿಯ ರಾಯಲ್ ಏಶಿಯಾಟಿಕ್ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಕೀರ್ತಿಯು ಜೆ. ಎಫ್. ಫ್ಲೀಟ್ ಅವರಿಗೆ ಸಲ್ಲತಕ್ಕದ್ದು. ಆದರೆ ಮೇಜಿನ ಮೇಲೆ ಓದಿದಾಗ ತಿಳಿಯದ ಒಂದು ಸಂಗತಿಯು ಕಾಲಿನಿಂದ ನಡೆದಾಗ ತಿಳಿಯುತ್ತದೆ. ಸೊಗಲ ಮತ್ತು ಸವದತ್ತಿಗಳ ನಡುವಣ ಅಂತರವು ಗಟ್ಟಿ ಕಾಲಿನವನಿಗೆ ಒಂದು ಹಗಲಿನ ಹಾದಿ ಮಾತ್ರ. ಇಷ್ಟು ಸಮೀಪದಲ್ಲಿ ಇಬ್ಬರು ಒಡೆಯರು ಒಂದೇ ವರುಷದಲ್ಲಿ ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿದರೆಂದ ಮೇಲೆ, ನಡುವಿನ ಆ ಗುಡ್ಡದ ಸಾಲು ಆಗ ಎಂಥ ಬಿಗುವಿನ ಸೀಮೆಯಾಗಿದ್ದಿರಬೇಕು! ಇಬ್ಬರೂ ದಾಯಾದಿಗಳೋ, ವೈರಿಗಳೋ, ನಾಡನ್ನು ಹಂಚಿಕೊಂಡವರೋ ಎಂಬುದನ್ನು ಶಾಸನಗಳು ಬಾಯಿಬಿಟ್ಟು ಹೇಳುವುದಿಲ್ಲ. ನನಗಂತೂ ವೈರಿಗಳೆಂದೇ ತೋರುತ್ತದೆ. ವಾಚಕರು ಸೊಗಲದ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ ಈ ವಿಷಯವನ್ನು ತಮ್ಮತಮ್ಮಲ್ಲಿ ಚರ್ಚಿಸಬಹುದು. ಜಲಪಾತದ ಚಿತ್ರವನ್ನು ತೆಗೆದುಕೊಂಡು ಹೋಗುವುದಕ್ಕಿಂತ ಅದು ಹೆಚ್ಚು ದಿನ ನೆನಪಿನಲ್ಲಿ ಉಳಿಯುವುದು.

ಎರಡನೆಯ ಹಗಲು ಸವದತ್ತಿಗೆ ಸಲ್ಲಬೇಕು. ಇಲ್ಲಿ ಕಷ್ಟವೆಂದರೆ ಒಂದು ಹಗಲಿಗೆ ನೋಡತಕ್ಕ ಸ್ಥಳಗಳು ನಾಲ್ಕಾಗುವುವು: ಊರ ಮೇಲಿನ ಕೋಟೆ, ಪರಸಗಡ, ಎಲ್ಲಮ್ಮನ ಗುಡ್ಡ, ಹೂಲಿ. ನಾಲ್ಕನ್ನೂ ಒಂದೇ ದಿನ ಮುಗಿಸುವೆವೆಂದು ಮೋಟಾರಿನಲ್ಲಿ ಓಡಾಡುವವರು ಏನನ್ನೂ ನೋಡದೆ ಮರಳುತ್ತಾರೆ. ಸವದತ್ತಿಯ ಕೋಟೆಯನ್ನು ೧೮ನೆಯ ಶತಮಾನದಲ್ಲಿ ಸಿರಸಂಗಿ ದೇಸಗತಿಯ ಜಾಯಪ್ಪ ದೇಸಾಯಿಯು ಕಟ್ಟಿಸಿದನು. ಮುಂದೆ ಇದೇ ಮನೆತನದ ಲಿಂಗರಾಜ ದೇಸಾಯಿಯವರು ತಮ್ಮ ಸಂಪತ್ತನ್ನು ವಿದ್ಯಾದಾನಕ್ಕಾಗಿ ಬಿಟ್ಟು ೧೯೦೬ರಲ್ಲಿ ಕಾಲವಾದರು. ಅವರಿಂದ ಓದಿ ಬೆಳೆದ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ. ಪರಸಗಡವು ಇದಕ್ಕಿಂತ ಹಳೆಯದು, ಈಗ ಪಾಳುಬಿದ್ದುದು. ಆದರೆ ಬಹುಕಾಲ ಸವದತ್ತಿ ತಾಲೂಕಿಗೆ ಅದರದೇ ಹೆಸರಿತ್ತು. ಊರು ದೊಡ್ಡದಾಗಿ ಗಡವು ಬರಿದಾದ ಮೇಲೂ ಕಚೇರಿಯ ಕಾಗದಗಳಲ್ಲಿ ಗಡವೇ ಆಳುತ್ತಿತ್ತು. ಜನವಿಲ್ಲದ ಒಂದು ಗುಡ್ಡವು ಊರುಗಳಿಗೆಲ್ಲ ಹೆಸರು ಕೊಡುವುದೆಂದರೆ, ಅದು ಒಂದು ಕಾಲಕ್ಕೆ ಎಷ್ಟು ಹಾದಿಗಳನ್ನು ಕಾಯುತ್ತಿದ್ದಿರಬೇಕು!

ಎಲ್ಲಮ್ಮನ ಗುಡ್ಡದ ವಿಷಯವು ಎಲ್ಲರಿಗೂ ತಿಳಿದುದೇ. ರಾಯಬಾಗದ ಬೊಮ್ಮಪ್ಪ ನಾಯಕನು ೧೫೧೪ರಲ್ಲಿ ಗುಡಿಯನ್ನು ಕಟ್ಟಿಸಿದನೆಂದು ಪ್ರತೀತಿ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಚಕ್ಕಡಿಗಳ ಸಾಲು, ಭಂಡಾರದ ಹಳದಿ, ಉಧೋ ಉಧೋ ಎಂಬ ಕೂಗು ಇವುಗಳಿಂದ ಗುಡ್ಡವೆಲ್ಲ ತುಂಬಿರುತ್ತದೆ. ಮಹಾರಾಷ್ಟ್ರದಿಂದಲೂ ಜನರು ಬರುತ್ತಾರೆ. ಕನ್ನಡ ಮರಾಠಿ ಎಂಬ ಕಲಹವು ಈ ತಾಯಿಯ ಮೆಟ್ಟಲಿನ ಮೇಲೆ ನಿಲ್ಲುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಆದರೆ ಈ ದಾರಿಯಲ್ಲಿ ಭಕ್ತಿಯೊಡನೆ ಎಷ್ಟೋ ಎಳೆಯ ಹೆಣ್ಣುಮಕ್ಕಳ ಕಣ್ಣೀರೂ ಹರಿದಿರುತ್ತದೆ. ದೇವದಾಸಿಯರನ್ನು ಬಿಡುವ ಪದ್ಧತಿಯನ್ನು ಮುಂಬಯಿ ಸರಕಾರವು ೧೯೩೪ರಲ್ಲಿಯೂ, ಕರ್ನಾಟಕ ಸರಕಾರವು ೧೯೮೨ರಲ್ಲಿಯೂ ಕಾಯಿದೆಯಿಂದ ನಿಷೇಧಿಸಬೇಕಾಯಿತು. ಇದನ್ನು ಮರೆತು ಗುಡ್ಡದ ಇತಿಹಾಸವನ್ನು ಬರೆಯುವುದು ಅರ್ಧ ಪುಟವನ್ನು ಹರಿದು ಓದಿದಂತೆ. ನಡೆಯುವ ಹವ್ಯಾಸಿಗಳು ಹುಣ್ಣಿಮೆಯ ದಿನಗಳನ್ನು ಭಕ್ತರಿಗೆ ಬಿಟ್ಟುಕೊಡುವುದು ಲೇಸು.

ನಾಲ್ಕರಲ್ಲಿ ಒಂದನ್ನೇ ಆರಿಸೆಂದರೆ ನಾನು ಹೂಲಿಯನ್ನು ಆರಿಸುವೆನು. ಸವದತ್ತಿಯಿಂದ ೯ ಕಿಲೋಮೀಟರು. ಶಾಸನಗಳಲ್ಲಿ ಇದಕ್ಕೆ ಪೂಲಿಯೆಂದು ಹೆಸರು. ಸಾವಿರ ಮಹಾಜನರಿದ್ದ ಅಗ್ರಹಾರವಿದು. ಚಾಲುಕ್ಯರ ಕಾಲದ ಪಂಚಲಿಂಗೇಶ್ವರನ ಗುಡಿಯು ವಿಸ್ತಾರದಲ್ಲಿಯೂ ಗಾಂಭೀರ್ಯದಲ್ಲಿಯೂ ಈ ಭಾಗದಲ್ಲಿ ಹೆಸರುವಾಸಿಯಾದುದು. ಅದರ ಸುತ್ತ ಮುರಿದ ಗುಡಿಗಳು ಎಷ್ಟೋ ಬಿದ್ದಿವೆ. ಗುಡ್ಡದ ಮೇಲೆ ಕೋಟೆಯಿದೆ. ಇಲ್ಲಿಯ ಶಾಸನಗಳನ್ನು ಬಾರ್ನೆಟ್ ಎಂಬ ಪಂಡಿತನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿದ್ದಾನೆ. ಪುಸ್ತಕವು ಲಂಡನ್ನಿನ ಗ್ರಂಥಾಲಯದಲ್ಲಿ ಜತನವಾಗಿದೆ. ಕಲ್ಲುಗಳನ್ನು ಜತನ ಮಾಡುವ ಹೊಣೆಯು ನಮ್ಮ ಮೇಲಿರುತ್ತದೆ. ಹಳ್ಳಿಗಳಲ್ಲಿ ಅಕ್ಷರವಿರುವ ಕಲ್ಲು ಕೊಟ್ಟಿಗೆಯ ಮೆಟ್ಟಲೂ, ಹಗ್ಗ ಕಟ್ಟುವ ಗೂಟವೂ ಆಗುವುದು ನಮ್ಮ ಸೀಮೆಯಲ್ಲಿ ಹೊಸದಲ್ಲ. ಸೀಮೆಸುಣ್ಣದಿಂದ ಅಕ್ಷರಗಳ ಮೇಲೆ ತಿದ್ದಿ ಚಿತ್ರ ತೆಗೆಯುವ ಪದ್ಧತಿಯನ್ನೂ ತರುಣರು ಬಿಡಬೇಕು. ಓರೆಯಾದ ಬೆಳಗಿನ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಹೂಲಿಗೆ ಬೆಳಗಿನ ಹೊತ್ತೇ ಹೋಗಬೇಕೆಂಬುದಕ್ಕೆ ಇದೊಂದು ಕಾರಣ.

ನವಿಲುತೀರ್ಥದಲ್ಲಿ ಮಲಪ್ರಭೆಯು ಗುಡ್ಡವನ್ನು ಸುತ್ತಿಕೊಂಡು ಹೋಗದೆ ನಟ್ಟನಡುವೆ ಸೀಳಿಕೊಂಡು ಹೋಗಿರುತ್ತದೆ. ನವಿಲೊಂದು ಗುಡ್ಡದ ನೆತ್ತಿಯಿಂದ ಕೂಗಿ ಕರೆಯಲು ನದಿಯು ಅದರ ದನಿಯನ್ನು ಹಿಂಬಾಲಿಸಿ ಹಾದಿ ಮಾಡಿಕೊಂಡಿತೆಂದು ಜನರು ಹೇಳುತ್ತಾರೆ. ಶಾಸ್ತ್ರಜ್ಞರ ಮಾತು ಬೇರೆ. ಇಂಥ ಸ್ಥಳಗಳಲ್ಲಿ ನದಿಯ ಹಾದಿಯೇ ಮೊದಲಿನದು, ಈಗಿನ ಗುಡ್ಡದ ರೂಪವು ತರುವಾಯದ್ದು. ಸುತ್ತಣ ಮೆದುವಾದ ನೆಲವು ಸವೆದು ತಗ್ಗಾದಂತೆ ಗಟ್ಟಿಯಾದ ಕಲ್ಲು ಗುಡ್ಡವಾಗಿ ಉಳಿಯಿತು, ನದಿಯು ತನ್ನ ಹಳೆಯ ಹಾದಿಯನ್ನು ಬಿಡದೆ ಕೊರೆಯುತ್ತ ಬಂದಿತು. ಈ ಇಕ್ಕಟ್ಟಿಗೆ ಅಡ್ಡಲಾಗಿ ೧೯೭೦ರ ದಶಕದ ಆದಿಯಲ್ಲಿ ಆಣೆಕಟ್ಟು ಮುಗಿದು, ರೇಣುಕಾಸಾಗರವು ತುಂಬಿತು. ಸುಮಾರು ೩೭ ಟಿ.ಎಂ.ಸಿ. ನೀರು ಅದರಲ್ಲಿ ಹಿಡಿಯುತ್ತದೆ. ನೀರಿನೊಡನೆ ಕರವೂ ಬಂದಿತು. ಮಲಪ್ರಭೆಯ ಕಾಲುವೆಗಳ ಅಭಿವೃದ್ಧಿ ಕರವನ್ನು ಪ್ರತಿಭಟಿಸಿದ ರೈತರ ಮೇಲೆ ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿ, ಅಲ್ಲಿಂದಲೇ ನಾಡಿನ ರೈತ ಚಳವಳಿಯು ಬಲಗೊಂಡಿತು. ಹೀಗೆ ಇಲ್ಲಿ ನಿಂತವನ ಕಣ್ಣೆದುರಿಗೆ ಭೂಮಿಯ ಪುರಾತನ ಇತಿಹಾಸವೂ ನಿನ್ನೆ ಮೊನ್ನೆಯ ಇತಿಹಾಸವೂ ಒಂದೇ ಇಕ್ಕಟ್ಟಿನಲ್ಲಿ ಕೂಡಿರುತ್ತವೆ. ನೀರಿನಡಿಯಲ್ಲಿ ಹೋದ ಹಳೆಯ ದಾರಿಗಳನ್ನು ಬಲ್ಲ ವೃದ್ಧರು ಈ ಭಾಗದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ; ಅವರ ಬಾಯಿಂದ ಆ ದಾರಿಗಳನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಯಾರಾದರೂ ತರುಣರು ಬೇಗನೆ ಕೈಕೊಳ್ಳಬೇಕು.

ಇನ್ನು ರಾಮದುರ್ಗದ ಕಡೆಗೆ ಬರೋಣ. ಸುರೇಬಾನದ ಬದಿಯ ಶಬರಿಕೊಳ್ಳವು ನೆರಳೂ ನೀರೂ ಉಳ್ಳ ರಮ್ಯ ಸ್ಥಳ. ಶಬರಿಯು ರಾಮನಿಗಾಗಿ ಇಲ್ಲಿಯೇ ಕಾದಳೆಂದು ಜನರ ನಂಬಿಕೆ. ಇಂಥ ಶಾಂತವಾದ ಊರಿನಲ್ಲಿ ೧೮೫೮ರ ಮೇ ೨೯ರ ರಾತ್ರಿ ನಡೆದ ಕೃತ್ಯವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ನರಗುಂದದ ಸಂಸ್ಥಾನಿಕ ಭಾಸ್ಕರರಾಯ ಭಾವೆಗೆ ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಅಪ್ಪಣೆ ಕೊಟ್ಟಿರಲಿಲ್ಲ. ಮೇಲೆ ಶಸ್ತ್ರಗಳನ್ನೂ ಕೇಳಿದರು. ಅವನು ತಿರುಗಿಬಿದ್ದನು. ಅವನನ್ನು ಸಮಾಧಾನಗೊಳಿಸುವೆನೆಂಬ ಭರವಸೆಯಿಂದ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಕೆಲವೇ ಜನರೊಡನೆ ರಾಮದುರ್ಗಕ್ಕೆ ಬಂದನು. ಅಲ್ಲಿಯ ಸಂಸ್ಥಾನಿಕನೂ ಭಾಸ್ಕರರಾಯನ ಬಂಧುವೂ ಆದ ರಾಮರಾಯನು, ಮುಂದೆ ಹೋಗಬೇಡವೆಂದು ಎಚ್ಚರಿಸಿದರೂ ಕೇಳದೆ ಸುರೇಬಾನಕ್ಕೆ ಬಂದು ತಂಗಿದನು. ಆ ರಾತ್ರಿಯೇ ನರಗುಂದದವರು ಬಂದು ಅವನನ್ನು ಕೊಂದರು. ಅವನ ತಲೆಯನ್ನು ಒಯ್ದು ನರಗುಂದದ ಅಗಸೆಗೆ ತೂಗಹಾಕಿದರು.

ಮುಂದಿನದು ಬಹುಬೇಗ ಮುಗಿಯಿತು. ಎರಡೇ ದಿನಗಳಲ್ಲಿ ಇಂಗ್ಲಿಷರ ದಂಡು ನರಗುಂದವನ್ನು ಹಿಡಿಯಿತು. ಇಲ್ಲಿ ಬೆಟ್ಟದಾರಿಯ ನಮ್ಮ ವಿಷಯಕ್ಕೆ ಸಂಬಂಧಿಸಿದ ಸಂಗತಿಯೊಂದಿದೆ. ನರಗುಂದದ ಗುಡ್ಡವು ಎರೆಯ ಬಯಲಿನ ನಡುವೆ ಒಂಟಿಯಾಗಿ ಎದ್ದಿರುತ್ತದೆ. ೧೬೭೪ರಲ್ಲಿ ಶಿವಾಜಿಯು ಅದರ ಮೇಲೆ ಕೋಟೆಯನ್ನು ಕಟ್ಟಿಸಿದಾಗ ಅದು ಸುತ್ತಣ ಬಯಲನ್ನೆಲ್ಲ ಆಳುವ ಕಣ್ಣಾಗಿತ್ತು. ಆದರೆ ತೋಪುಗಳ ಕಾಲದಲ್ಲಿ ಒಂಟಿ ಗುಡ್ಡವು ಆಸರೆಯಲ್ಲ, ಬೋನು. ಅದರಿಂದ ಇಳಿದವನಿಗೆ ಅಡಗಲು ಮರೆಯಿಲ್ಲ. ಭಾಸ್ಕರರಾಯನು ಅದನ್ನು ಅರಿತು, ಕೋಟೆಯಲ್ಲಿ ನಿಲ್ಲದೆ, ಯಾತ್ರಿಕರ ವೇಷದಲ್ಲಿ ಕೆಲವರೊಡನೆ ಹೊರಬಿದ್ದು ಮಲಪ್ರಭೆಯ ಕಡೆಯ ಕಾಡಿನ ಗುಡ್ಡಗಳನ್ನು ಸೇರಿದನು. ಆದರೆ ಜೂನ್ ೨ರಂದು ಧಾರವಾಡದ ಪೊಲೀಸ ಅಧಿಕಾರಿ ಸೌಟರನು ಬೆನ್ನಟ್ಟಿ ತೊರಗಲ್ಲಿನ ಕಾಡಿನಲ್ಲಿ ಅವನನ್ನು ಹಿಡಿದನು. ಜೂನ್ ೧೨ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೇ ೨೯ರಿಂದ ಜೂನ್ ೧೨ರವರೆಗೆ ಹದಿನೈದೇ ದಿನಗಳು! ಮ್ಯಾನ್ಸನ್ನನ ಕೊಲೆಯನ್ನು ನಾನು ಹೊಗಳಲಾರೆನು. ನಿದ್ದೆಯ ಹೊತ್ತಿಗೆ ಬಂದು ಕೊಲ್ಲುವುದು ಶೌರ್ಯವಲ್ಲ. ಆದರೆ ಆ ಹದಿನೈದು ದಿನಗಳ ಹಿಂದೆ ಎಷ್ಟು ವರುಷಗಳ ಅವಮಾನವು ಹುದುಗಿದ್ದಿತೆಂಬುದನ್ನೂ ಮರೆಯಲಾಗದು.

ನಡೆಯುವವನು ನರಗುಂದದ ಗುಡ್ಡವನ್ನೂ ಸುರೇಬಾನದ ಕೊಳ್ಳವನ್ನೂ ಬೇರೆ ಬೇರೆ ಹಗಲುಗಳಲ್ಲಿ ನೋಡಿದರೆ ಮಾತ್ರ ಇವೆರಡರ ಭೇದವು ಮನಸ್ಸಿಗೆ ಹೊಳೆಯುವುದು. ಒಂದು ಎಲ್ಲವನ್ನೂ ನೋಡುವ ಮತ್ತು ಎಲ್ಲರಿಗೂ ಕಾಣುವ ಸ್ಥಳ. ಇನ್ನೊಂದು ಯಾರಿಗೂ ಕಾಣದಂತೆ ಮರೆಯಾಗುವ ಸ್ಥಳ. ಇದಕ್ಕಿಂತ ಮೊದಲೇ, ೧೮೨೪ರ ಕಿತ್ತೂರಿನ ಯುದ್ಧದ ತರುವಾಯ, ಸಂಗೊಳ್ಳಿಯ ರಾಯಣ್ಣನು ಇದೇ ತಿಳಿವಳಿಕೆಯಿಂದ ಕೋಟೆಗಳನ್ನು ಬಿಟ್ಟು ಖಾನಾಪುರದ ಕಡೆಯ ಕಾಡುಗುಡ್ಡಗಳನ್ನು ಹಿಡಿದು ಹೋರಾಡಿದನು. ೧೮೩೦ರಲ್ಲಿ ಅವನನ್ನು ಹಿಡಿದುಕೊಟ್ಟದ್ದು ದ್ರೋಹವೇ ಹೊರತು ಗುಡ್ಡವಲ್ಲ. ೧೮೩೧ರಲ್ಲಿ ನಂದಗಡದಲ್ಲಿ ಅವನು ಗಲ್ಲಿಗೇರಿದ ಸ್ಥಳಕ್ಕೆ ಹೋಗಿ ಬರುವುದೂ ಒಂದು ಹಗಲಿನ ಯಾತ್ರೆಯೇ. ಅವನ ಲಾವಣಿಯನ್ನು ಶಾಸನಗಳ ಫ್ಲೀಟರೇ ಜನರ ಬಾಯಿಂದ ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದರೆಂಬುದು ಒಂದು ವಿಚಿತ್ರ ಯೋಗ. ಗಲ್ಲಿಗೇರಿಸಿದವರ ಕಡೆಯವನೇ ಹಾಡನ್ನು ಕಾಪಾಡಿದನು.

ಗೋಕಾವಿಯ ಜಲಪಾತವನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಘಟಪ್ರಭೆಯು ೫೨ ಮೀಟರುಗಳಷ್ಟು ಕೆಳಗೆ ಮರಳುಗಲ್ಲಿನ ಗೋಡೆಯಿಂದ ಧುಮುಕುವ ದೃಶ್ಯವು ಮಳೆಗಾಲದಲ್ಲಿ ಭವ್ಯವಾದು. ದಂಡೆಯ ಮೇಲಿನ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರನ ಗುಡಿ, ತೂಗುಸೇತುವೆ, ನೀರಿನ ಬಲದಿಂದ ೧೮೮೭ರಲ್ಲಿಯೇ ನಡೆಯತೊಡಗಿದ ನೂಲಿನ ಗಿರಣಿ ಇವೆಲ್ಲ ನೋಡತಕ್ಕವೇ. ಆದರೆ ಅದು ನೋಡುವ ಸ್ಥಳ, ನಡೆಯುವ ಸ್ಥಳವಲ್ಲ. ಹೊಸದಾಗಿ ನಡೆಯಲು ಕಲಿಯುವ ಮಕ್ಕಳನ್ನೂ ಮುದುಕರನ್ನೂ ಅಲ್ಲಿಗೆ ಕರೆದೊಯ್ಯಬೇಕು.

ಹಾಗಾದರೆ ಆಯ್ಕೆಯು ಹೇಗೆ? ಆಷಾಢದಿಂದ ಆಶ್ವೀಜದವರೆಗೆ ಸೊಗಲ ಮತ್ತು ಶಬರಿಕೊಳ್ಳ. ಆಗ ನೀರಿರುತ್ತದೆ, ಬಿಸಿಲಿರುವುದಿಲ್ಲ. ಆದರೆ ಜಲಪಾತದ ನೆತ್ತಿಯ ಪಾಚಿಗಟ್ಟಿದ ಬಂಡೆಗಳ ಹತ್ತಿರ ಯಾರೂ ಹೋಗಕೂಡದು. ಮರಳುಗಲ್ಲು ಒಣಗಿದಾಗ ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿಯುವುದೋ ನೆನೆದಾಗ ಅಷ್ಟೇ ಮೋಸ ಮಾಡುವುದು. ಕಾರ್ತೀಕದಿಂದ ಮಾಘದವರೆಗೆ ಹೂಲಿ, ಪರಸಗಡ, ನರಗುಂದ; ಆಗ ಹುಲ್ಲು ಬಾಡಿ ಕೋಟೆಯ ಗೋಡೆಗಳ ರೇಖೆಯು ಸ್ಪಷ್ಟವಾಗುವುದು, ಗಾಳಿಯೂ ತಂಪಾಗಿರುವುದು. ಚೈತ್ರ ವೈಶಾಖಗಳಲ್ಲಿ ಮನೆಯಲ್ಲಿ ಕುಳಿತು ಫ್ಲೀಟರ ಪುಸ್ತಕವನ್ನು ಓದತಕ್ಕದ್ದು, ಏಕೆಂದರೆ ಆ ಬಿಸಿಲಿಗೆ ಈ ಕಲ್ಲು ಬೆಳಗಿನ ೧೦ ಗಂಟೆಗೇ ಹೆಂಚಿನಂತೆ ಕಾಯುವುದು. ಕುದುರೆಮುಖಕ್ಕೆ ಹೋಗುವವರು ವರುಷಕ್ಕೊಮ್ಮೆ, ಒಂದೇ ಹಗಲಿಗೆಂದು ಅಲ್ಲದೆ ಎರಡು ಮೂರು ದಿನಗಳ ಬಿಡುವು ಮಾಡಿಕೊಂಡು, ಮುಂಚಿತವಾಗಿ ಅಪ್ಪಣೆ ಪಡೆದು ಹೋಗಲಿ.

ಕೋಟೆಗೆ ಹೋದಾಗ ಅಗಸೆಯಿಂದ ಒಳಹೋಗುವ ಮೊದಲು ಗೋಡೆಯ ಹೊರಗೆ ಒಂದು ಸುತ್ತು ಬರಬೇಕು; ದಾರಿಯು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತೆಂಬುದು ಹೊರಗಿನಿಂದಲೇ ತಿಳಿಯುವುದು. ಕೊಳ್ಳಕ್ಕೆ ಹೋದಾಗ ಬುಗ್ಗೆಯು ಒಸರುವ ಕಲ್ಲಿನ ಪದರವನ್ನು ಹುಡುಕಬೇಕು. ದನಕಾಯುವ ಹುಡುಗನು ಸಿಕ್ಕರೆ ಅವನಿಗೆ ಬುತ್ತಿಯಲ್ಲಿ ಪಾಲು ಕೊಟ್ಟು ಗುಡ್ಡದ ಬಂಡೆಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳಬೇಕು. ನಕಾಶೆಯಲ್ಲಿ ಇಲ್ಲದ ಎಷ್ಟೋ ಹೆಸರುಗಳು ಅವನ ಬಾಯಲ್ಲಿ ಇರುತ್ತವೆ. ಮುಂದಿನ ರವಿವಾರ ಹೊರಡುವವರು ಸೊಗಲದಿಂದ ಆರಂಭಿಸಲಿ. ನಸುಕಿನಲ್ಲಿ ಎದ್ದು ಬೈಲಹೊಂಗಲವನ್ನು ಹಾದು ಹೋದರೆ ಬಿಸಿಲು ಏರುವ ಮೊದಲೇ ಕೊಳ್ಳವನ್ನು ಸೇರಬಹುದು. ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಒಂದು ನೋಟಬುಕ್ಕು ಇಷ್ಟಿದ್ದರೆ ಸಾಕು.